ಅಪ್ಪ ಬರೆದುಕೊಟ್ಟ ವಯಸ್ಸು

ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟಬೇಕು. ಬೆರಳು ಕಿವಿಗೆ ತಾಗಿದರೆ ಮಗುವಿಗೆ ಆರು ವರ್ಷ ತುಂಬಿದೆ, ಶಾಲೆಗೆ ಸೇರಿಸಿಕೊಳ್ಳಬಹುದು. ತಾಗದಿದ್ದರೆ ಮುಂದಿನ ವರ್ಷ ಬಾ. ನನ್ನ ಅಪ್ಪ ಗುಬ್ಬಿ ಹತ್ತಿರದ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿದ್ದಾಗ ಮಕ್ಕಳ ವಯಸ್ಸನ್ನು ಹೀಗೆ ಅಳೆಯುತ್ತಿದ್ದರು. ಅಪ್ಪ ಒಬ್ಬರೇ ಅಲ್ಲ, ಆಗಿನ ಮೇಷ್ಟ್ರುಗಳೆಲ್ಲ ಹಾಗೇ ಮಾಡುತ್ತಿದ್ದರು. ಹುಟ್ಟಿದ ದಿನ ಯಾವುದು ಎಂದು ಕೇಳಿದರೆ ತಾಯಂದಿರು ‘ರಾಗಿ ತೆನೆ ಬಿಡೋ ಕಾಲ’ ಎಂದೋ ‘ಕೆರೆ ಕೋಡಿ ಬಿದ್ದ ವರ್ಷ’ ಎಂದೋ ಹೇಳುತ್ತಿದ್ದರು. ಅಪ್ಪ ಬೆರಳು ಮಡಚಿ ಲೆಕ್ಕ ಹಾಕಿ ಒಂದು ತಾರೀಖು ಬರೆದುಬಿಡುತ್ತಿದ್ದರು. ಆಮೇಲೆ ಆ ಮಗು ಸಾಯುವವರೆಗೂ ಅದೇ ಅದರ ಜನ್ಮದಿನ.

ಕೆಲವು ಸಲ ತಾಗದ ಕೈಯನ್ನೂ ಅಪ್ಪ ತಾಗಿಸುತ್ತಿದ್ದರು. ಮೊಣಕೈ ಕೆಳಗೆ ಎರಡು ಬೆರಳು ಕೊಟ್ಟು ಮೇಲಕ್ಕೆ ತಳ್ಳಿ, ಇನ್ನೊಂದು ಕೈಯಿಂದ ಮಗುವಿನ ತಲೆಯನ್ನು ಸ್ವಲ್ಪ ಬಾಗಿಸಿ, ‘ಹಾಂ, ಮುಟ್ತು’ ಎನ್ನುತ್ತಿದ್ದರು. ಇದು ನನಗೆ ಗೊತ್ತು. ಹೇಗೆ ಗೊತ್ತು ಎಂಬುದು ಮಾತ್ರ ಗೊತ್ತಿಲ್ಲ. ಕಣ್ಣಿಂದ ನೋಡಿದೆನೋ, ಅಪ್ಪ ಊಟಕ್ಕೆ ಕೂತಾಗ ಹೇಳಿದ್ದನ್ನು ಕೇಳಿ ಕೇಳಿ ನೋಡಿದ ಹಾಗಾಗಿದೆಯೋ. ಈ ಒಂದು ಅನುಮಾನದಿಂದ ಒಬ್ಬ ಹೆಂಗಸಿಗೆ ನಾನು ಮಾಡಿದ್ದೇನು ಎಂಬುದನ್ನು ಬರೆದಿಡಬೇಕು ಎಂದುಕೊಂಡು ಬಹಳ ದಿನವಾಯಿತು.

ಅಪ್ಪನ ಬಗ್ಗೆ ಒಳ್ಳೆಯ ಮಾತು ಬರೆಯುವುದು ಸುಲಭ. ಅವರ ಮೇಜಿನ ಡ್ರಾಯರಿನಲ್ಲಿ ಸೀಮೆಸುಣ್ಣದ ಜೊತೆ ಒಂದು ಬಾಚಣಿಗೆ, ಹರಳೆಣ್ಣೆ ಶೀಸೆ, ಉಗುರು ಕತ್ತರಿಸುವ ಬ್ಲೇಡು ಇರುತ್ತಿದ್ದವು. ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಹುಡುಗಿಯರನ್ನು ಸಾಲಾಗಿ ಕೂರಿಸಿ ತಾವೇ ತಲೆ ಬಾಚುತ್ತಿದ್ದರು. ಹೇನು ಬಿದ್ದ ತಲೆ ಎಂದು ಹೇಸುತ್ತಿರಲಿಲ್ಲ. ಮಧ್ಯಾಹ್ನ ಮನೆಗೆ ಬರುವಾಗ ಹಿಂದೆ ಒಬ್ಬರೋ ಇಬ್ಬರೋ ಮಕ್ಕಳು ಇದ್ದೇ ಇರುತ್ತಿದ್ದರು. ಅಮ್ಮ ಮುದ್ದೆ ಕಟ್ಟುತ್ತಿದ್ದವಳು ಬಾಗಿಲ ಕಡೆ ನೋಡಿ, ಕಟ್ಟಿದ ಮುದ್ದೆಯನ್ನು ಮತ್ತೆ ಮುರಿದು ಚಿಕ್ಕದು ಮಾಡುತ್ತಿದ್ದಳು.

‘ಊರ ಮಕ್ಳಿಗೆಲ್ಲ ಅಪ್ಪ ಆಗವ್ರೆ. ನಮ್ಮನೇಲಿ ಮಾತ್ರ ನೆಂಟ್ರು’ ಎಂದು ಅಮ್ಮ ನನಗೆ ಹೇಳುವ ಹಾಗೆ ಅವರಿಗೆ ಹೇಳುತ್ತಿದ್ದಳು.

‘ನೆಂಟ್ರಿಗೆ ತುಪ್ಪ ಹಾಕ್ತಾರೆ ಕಣೇ. ನಂಗೆ ಎಲ್ಲಿ?’ ಎಂದು ಅಪ್ಪ ತಟ್ಟೆ ಮುಂದೆ ಚಾಚುತ್ತಿದ್ದರು. ಅಮ್ಮ ಸೌಟಿನ ಹಿಡಿಯಲ್ಲಿ ಅವರ ಕೈಗೆ ಮೆಲ್ಲಗೆ ಹೊಡೆಯುತ್ತಿದ್ದಳು.

ಅಮ್ಮ ಕೊನೆಯ ಮೂರು ವರ್ಷ ಹಾಸಿಗೆ ಹಿಡಿದಾಗ ಅಪ್ಪನೇ ಅವಳಿಗೆ ಸ್ನಾನ ಮಾಡಿಸಿದರು, ಸೀರೆ ಒಗೆದರು, ಶಾಲೆಯ ಹುಡುಗಿಯರಿಗೆ ಹಾಕುತ್ತಿದ್ದ ಅದೇ ಬಿಗಿ ಜಡೆ ಹಾಕಿದರು. ‘ಎರಡನೇ ಕ್ಲಾಸ್ ಹುಡ್ಗಿ ಥರಾ ಮಾಡ್ಬಿಟ್ರಲ್ರೀ’ ಎಂದು ಅಮ್ಮ ಕನ್ನಡಿ ನೋಡಿ ನಕ್ಕಿದ್ದು ನನ್ನ ದಿನಚರಿಯಲ್ಲಿದೆ. ಅಮ್ಮ ಅತ್ತಿದ್ದು ದಿನಚರಿಯಲ್ಲಿಲ್ಲ, ನೆನಪಿನಲ್ಲಿದೆ. ಒಂದೇ ದಿನದ್ದೋ ಬೇರೆ ಬೇರೆ ದಿನದ್ದೋ ಹೇಳಲಾರೆ. ಇತಿಹಾಸದಲ್ಲಿ ಎಂ.ಎ. ಮಾಡಿ ಮೂವತ್ತು ವರ್ಷ ತುಮಕೂರಿನ ಕಾಲೇಜಿನಲ್ಲಿ ಪಾಠ ಮಾಡಿದೆ. ಒಂದೇ ಸಾಕ್ಷಿಯನ್ನು ನಂಬಬೇಡಿ ಎಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನು.

ಅಮ್ಮ ಹೋದ ಮೇಲೆ ಅಪ್ಪನನ್ನು ತುಮಕೂರಿನ ಬಟವಾಡಿ ಬಡಾವಣೆಯ ನನ್ನ ಮನೆಗೆ ಕರೆತಂದೆ. ಎರಡನೇ ಸಲ ಸ್ಟ್ರೋಕ್ ಆದಾಗ ಬಲಭಾಗ ಪೂರ್ತಿ ಹೋಯಿತು, ಮಾತು ತೊದಲಾಯಿತು. ಮುಂದಿನ ಕೋಣೆಯಲ್ಲಿ ಕಿಟಕಿ ಪಕ್ಕ ಮಂಚ ಹಾಕಿಸಿದ್ದೆ. ಹೈವೇ ಕಡೆಯಿಂದ ಬರುವ ಸಿಟಿ ಬಸ್ಸು, ಆಟೋಗಳನ್ನು ನೋಡುತ್ತಾ ಮಲಗಿರುತ್ತಿದ್ದರು.

ನಾನು ಹೇಳಹೊರಟ ಆ ಹೆಂಗಸು ಬಂದದ್ದು ಒಂದು ಬೆಳಗ್ಗೆ ಹತ್ತು ಗಂಟೆಯ ಹೊತ್ತಿಗೆ. ಕೈಯಲ್ಲಿ ನಾಲ್ಕು ಎಳೆಸೌತೆಕಾಯಿ ಇದ್ದ ಬಟ್ಟೆ ಚೀಲ. ನನಗೆ ಗುರುತು ಸಿಗಲಿಲ್ಲ.

‘ನೀವು ಮೇಷ್ಟ್ರ ಮಗ್ಳು ಅಲ್ವಾ? ಮೂಗು ನೋಡಿದ್ ತಕ್ಷಣ ಅಂದ್ಕೊಂಡೆ, ಅವ್ರದೇ ಐತೆ’ ಎಂದಳು. ಅಪ್ಪನ ಹಳೆಯ ವಿದ್ಯಾರ್ಥಿನಿ. ಕುಣಿಗಲ್ ತಾಲ್ಲೂಕಿನ ಅಮೃತೂರಿಗೆ ಮದುವೆಯಾಗಿ ಹೋದವಳು. ಗಂಡ ತೀರಿಕೊಂಡು ಹತ್ತು ವರ್ಷವಾಗಿದೆ. ಅಲ್ಲೇ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳಿಗೆ ಅನ್ನ ಬೇಯಿಸಿ ಬಡಿಸಿ, ಪಾತ್ರೆ ತೊಳೆದು, ಮಲಗಿಸಿ ಎಬ್ಬಿಸುವ ಕೆಲಸ.

ಅಪ್ಪನ ಮಂಚದ ಹತ್ತಿರ ಹೋಗಿ, ಕಿವುಡರಿಗೆ ಹೇಳುವಂತೆ ಗಟ್ಟಿಯಾಗಿ, ‘ಮೇಷ್ಟ್ರೇ, ನೋಡಿ, ನನ್ನ ಎರಡ್ ವರ್ಷ ದೊಡ್ಡೋಳು ಮಾಡ್ಬಿಟ್ಟಿದೀರಿ! ಇವಾಗ ಮುದುಕಿ ಅಂತ ಮನೆಗೆ ಕಳಿಸ್ತಾವ್ರೆ’ ಎಂದು ನಕ್ಕಳು. ಅಪ್ಪನ ಮುಖ ಒಂದು ಕಡೆಗೆ ಸೊಟ್ಟಗಾಯಿತು. ಸ್ಟ್ರೋಕ್ ಆದ ಮೇಲೆ ಅವರು ನಕ್ಕರೂ ಅತ್ತರೂ ಮುಖ ಹಾಗೇ ಆಗುತ್ತಿತ್ತು.

ನನ್ನನ್ನು ಅಡಿಗೆಮನೆಗೆ ಕರೆದು ವಿಷಯ ಹೇಳಿದಳು. ಅರವತ್ತಕ್ಕೆ ಕೆಲಸ ಬಿಡಬೇಕು. ಕಾಗದದ ಪ್ರಕಾರ ಇನ್ನು ಮೂರು ತಿಂಗಳಿಗೆ ಅವಳಿಗೆ ಅರವತ್ತು. ನಿಜಕ್ಕೂ ಐವತ್ತೆಂಟು. ಅವಳಿಗೆ ನಾಲ್ಕು ವರ್ಷವಾಗಿದ್ದಾಗ ಅಪ್ಪ ಆರು ಎಂದು ಬರೆದು ಶಾಲೆಗೆ ಸೇರಿಸಿಕೊಂಡಿದ್ದರು. ಅವಳ ಅವ್ವ ಕೂಲಿಗೆ ಹೋಗುವಾಗ ಮಗುವಿನ ಸೊಂಟಕ್ಕೆ ಹಳೇ ಸೀರೆ ಕಟ್ಟಿ ಗುಡಿಸಲ ಕಂಬಕ್ಕೆ ಬಿಗಿದು ಹೋಗುತ್ತಿದ್ದಳು. ಅಪ್ಪ ಅದನ್ನು ನೋಡಿ ಬಿಚ್ಚಿಕೊಂಡು ಶಾಲೆಗೆ ತಂದರು. ಶಾಲೆಯಲ್ಲಿ ಉಪ್ಪಿಟ್ಟು ಕೊಡುತ್ತಿದ್ದ ಕಾಲ ಅದು. ಹೆಸರು ಹಾಜರಿಯಲ್ಲಿದ್ದರೆ ಮಾತ್ರ ಉಪ್ಪಿಟ್ಟು.

‘ಅವ್ರು ಸೇರಿಸ್ದೆ ಇದ್ದಿದ್ರೆ ಏಳನೇ ಕ್ಲಾಸೂ ಇಲ್ಲ, ಈ ಕೆಲ್ಸಾನೂ ಇಲ್ಲ. ಅದು ನಂಗೆ ಗೊತ್ತು ಕಣಕ್ಕ. ಅವ್ರನ್ನ ಬಯ್ಯೋಕೆ ಬಂದಿಲ್ಲ’ ಎಂದಳು. ‘ಆಫೀಸಲ್ಲಿ ಒಬ್ರು ಹೇಳಿದ್ರು, ಸೇರ್ಸಿದ್ ಮೇಷ್ಟ್ರು ಇದ್ರೆ ಬರೆಸ್ಕೊಂಡ್ ಬಾರಮ್ಮ, ನೋಡೋಣ ಅಂತ. ಎರಡೇ ಸಾಲು. ವಯಸ್ಸು ಅಂದಾಜಿಗೆ ಹಾಕಿದ್ದೆ ಅಂತ. ಹೆಬ್ಬೆಟ್ಟು ಒತ್ತುದ್ರೂ ಸಾಕು.’

‘ಎರಡು ವರ್ಷದಿಂದ ಏನಾಗುತ್ತಮ್ಮಾ?’ ಎಂದೆ. ಪಿಂಚಣಿ ಬರುವ ನನ್ನಂಥವಳು ಕೇಳುವ ಪ್ರಶ್ನೆ ಅದು.

‘ಮಗ ಹಿರೇಹಳ್ಳಿ ಫ್ಯಾಕ್ಟ್ರೀಲವ್ನೆ. ಒಂದೇ ರೂಮು, ನಾಕ್ ಜನ. ಕೆಲ್ಸ ಬಿಟ್ಟ ದಿನಾನೇ ಬಂದ್ಬುಡು ಅಂತಾನೆ. ಪ್ರೀತಿಯಿಂದಾನೇ ಅಂತಾನೆ ಬುಡಿ. ಆದ್ರೆ ಅಲ್ಲೋಗಿ ಮಂಚದ ಕೆಳ್ಗೆ ಚಾಪೆ ಹಾಕ್ಕೊಂಡು ಯಾರ್ ಯಾವಾಗ್ ತಟ್ಟೆ ಇಕ್ತಾರೆ ಅಂತ ಕಾಯೋಕೆ ನಂಗಾಗಕಿಲ್ಲ. ಅಮೃತೂರಲ್ಲಿ ಇಪ್ಪತ್ತೆರಡು ಮಕ್ಳು ನನ್ನ ಕೈಲಿ ಉಣ್ತಾವೆ. ಇನ್ನೂ ಎರಡು ವರ್ಷ ಮಾಡೋ ಶಕ್ತಿ ಐತೆ ಅಕ್ಕ.’

‘ಡಾಕ್ಟ್ರು ಆಯಾಸ ಮಾಡಿಸಬೇಡಿ ಅಂದಿದ್ದಾರೆ. ಮುಂದಿನ ವಾರ ಬನ್ನಿ’ ಎಂದೆ.

ಡಾಕ್ಟರು ಹಾಗೆ ಹೇಳಿದ್ದು ನಿಜ. ಆದರೆ ನಾನು ಅವಳನ್ನು ಕಳಿಸಿದ್ದು ಅದಕ್ಕಲ್ಲ. ಅಪ್ಪ ಸರ್ಕಾರಿ ದಾಖಲೆಯಲ್ಲಿ ಸುಳ್ಳು ಬರೆದಿದ್ದರು ಎಂದು ಅವರ ಹೆಬ್ಬೆಟ್ಟಿನ ಕೆಳಗೇ ಒಂದು ಕಾಗದ ಹುಟ್ಟುವುದು ನನಗೆ ಬೇಕಿರಲಿಲ್ಲ. ಆ ದಿನದ ದಿನಚರಿ ತೆಗೆದು ನೋಡಿದೆ. ‘ಅಮೃತೂರಿನಿಂದ ಅಪ್ಪನ ಶಿಷ್ಯೆಯೊಬ್ಬರು ಬಂದಿದ್ದರು. ಸೌತೆಕಾಯಿ ತಂದಿದ್ದರು’ ಎಂದಷ್ಟೇ ಇದೆ. ಅವಳು ಕೇಳಿದ್ದೇನು ಎಂದು ಒಂದಕ್ಷರ ಇಲ್ಲ. ನೆನಪನ್ನು ನಂಬಬಾರದೆಂದು ದಿನಚರಿ ಬರೆಯುತ್ತಾ ಬಂದವಳು ನಾನು. ಬರೆಯುವಾಗಲೇ ಕೈ ಕಳ್ಳತನ ಮಾಡಿದರೆ ಏನು ಮಾಡುವುದು?

ಆಕೆ ಹೋದ ಮೇಲೆ ಅಪ್ಪ ಎಡಗೈಯಿಂದ ಎದೆಯ ಹತ್ತಿರ ತಟ್ಟಿಕೊಳ್ಳತೊಡಗಿದರು. ಏನೋ ಹೇಳಲು ನೋಡಿದರು. ಮೂತ್ರಕ್ಕಿರಬೇಕೆಂದು ಪ್ಯಾನ್ ತಂದೆ. ತಲೆ ಆಡಿಸಿದರು. ನೀರು ಕೊಟ್ಟೆ. ಕುಡಿಯಲಿಲ್ಲ. ಮತ್ತೆ ತಟ್ಟಿಕೊಂಡರು. ಅವರು ಜೀವಮಾನವೆಲ್ಲ ಪೆನ್ನು ಇಟ್ಟುಕೊಳ್ಳುತ್ತಿದ್ದ ಜಾಗ ಅದು. ಪೆನ್ನು ಕೇಳಿದರು ಎಂದು ನನಗೆ ಹೊಳೆದದ್ದು ಅವರನ್ನು ಮಣ್ಣು ಮಾಡಿ ಬಂದ ಮೇಲೆ. ಅಥವಾ, ನನ್ನನ್ನು ನಾನೇ ಬಯ್ದುಕೊಳ್ಳಲು ಬೇಕಾದ ಹಾಗೆ ಆಮೇಲೆ ಕಟ್ಟಿಕೊಂಡೆನೋ. ಅವರಿಗೆ ಎದೆ ನೋವೇ ಬಂದಿದ್ದಿರಬಹುದು. ಹಾಗಿದ್ದರೆ ಅದು ಇನ್ನೊಂದು ತಪ್ಪು.

ಮುಂದಿನ ವಾರ ಆಕೆ ಬಂದಾಗ ಅಪ್ಪ ಆಸ್ಪತ್ರೆಯಲ್ಲಿದ್ದರು, ಪ್ರಜ್ಞೆ ಇರಲಿಲ್ಲ. ಕಾರಿಡಾರಿನ ಬೆಂಚಿನ ಮೇಲೆ ನನ್ನ ಪಕ್ಕ ಎರಡು ಗಂಟೆ ಕೂತಿದ್ದಳು. ಕಾಗದದ ಮಾತೆತ್ತಲಿಲ್ಲ. ‘ನೀವು ಊಟ ಮಾಡ್ಕೊಂಡ್ ಬನ್ನಿ, ನಾನ್ ಕುಂತಿರ್ತೀನಿ’ ಎಂದಳು. ನಾಲ್ಕು ದಿನಕ್ಕೆ ಅಪ್ಪ ಹೋದರು.

ಹನ್ನೊಂದನೆಯ ದಿನದ ಕಾರ್ಯವನ್ನು ಗುಬ್ಬಿಯಲ್ಲಿ ಮಾಡಿದೆವು. ಅಷ್ಟು ಜನ ಬರುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಒಬ್ಬರಾದ ಮೇಲೆ ಒಬ್ಬರು ಎದ್ದು ಮಾತಾಡಿದರು. ಸ್ವೆಟರ್ ಕೊಡಿಸಿದ್ದರು, ಜ್ವರ ಬಂದಾಗ ಹೊತ್ತುಕೊಂಡು ಬಂದಿದ್ದರು, ತಮ್ಮ ಅಪ್ಪನ ಕುಡಿತ ಬಿಡಿಸಿದ್ದರು. ಕೊಬ್ಬರಿ ಮಂಡಿ ಇಟ್ಟಿರುವ ಒಬ್ಬರು ಮೈಕಿನಲ್ಲಿ, ‘ಮೇಷ್ಟ್ರು ಜೀವನದಲ್ಲಿ ಒಂದು ಸುಳ್ಳು ಹೇಳಿದವರಲ್ಲ’ ಎಂದರು. ಎಲ್ಲರೂ ತಲೆ ತೂಗಿದರು. ಆಕೆ ಆಗ ಪಂಕ್ತಿಯಲ್ಲಿ ಪಾಯಸ ಬಡಿಸುತ್ತಿದ್ದಳು. ಬಕೆಟ್ಟು ಹಿಡಿದು ನಿಂತು ನನ್ನ ಕಡೆ ನೋಡಿದಳು. ನಾನು ಎಲೆ ನೋಡಿಕೊಂಡೆ.

ಕೈ ತೊಳೆಯುವ ಹತ್ತಿರ ಸಿಕ್ಕಿದಳು. ‘ನೀವಾದ್ರೂ ಬರ್ಕೊಡಿ ಅಕ್ಕ. ನೀವಲ್ಲೇ ಇದ್ರಲ್ಲ ಅವತ್ತು.’

‘ಎಲ್ಲಿ?’

‘ಸ್ಕೂಲ್ ಜಗ್ಲೀಲಿ. ಮೇಷ್ಟ್ರು ನನ್ನ ಕೈ ಎತ್ತಿ ತಳ್ತಾವ್ರೆ, ನೀವು ಬಾಗ್ಲಲ್ ನಿಂತು ಕಿಸಿಕಿಸಿ ನಗ್ತಿದೀರಿ. ನಿಮ್ಗೆ ಜ್ಞಾಪ್ಕ ಇಲ್ವಾ?’

ನನಗೆ ನಕ್ಕಿದ್ದು ನೆನಪಿರಲಿಲ್ಲ. ಆಗ ನನಗೆ ಎಂಟು ವರ್ಷ. ಅವಳ ಮಾತೇ ನಿಜವಾದರೆ ಅವಳಿಗೆ ನಾಲ್ಕು. ನಾಲ್ಕು ವರ್ಷದ ಮಗುವಿಗೆ ಅದೆಲ್ಲ ನೆನಪಿರುತ್ತದೆಯೇ? ಅಪ್ಪ ಈ ಕತೆ ಹೇಳುವಾಗ ಒಮ್ಮೊಮ್ಮೆ ಮಗು ಹುಡುಗಿಯಾಗಿರುತ್ತಿತ್ತು, ಒಮ್ಮೊಮ್ಮೆ ಹುಡುಗ. ಒಂದು ಸಲ ಮಗು ಅಳುತ್ತಿತ್ತು, ಇನ್ನೊಂದು ಸಲ ಉಪ್ಪಿಟ್ಟಿನ ವಾಸನೆಗೆ ತಾನೇ ಕೈ ಎತ್ತಿತ್ತು. ಎಷ್ಟು ಮಕ್ಕಳಿಗೆ ಹೀಗೆ ಮಾಡಿದ್ದರೋ. ಅವರಲ್ಲಿ ಈಕೆ ಒಬ್ಬಳು ಎನ್ನುವುದಕ್ಕೆ ನನ್ನ ಬಳಿ ಏನಿತ್ತು?

ಆದರೂ ಒಂದು ದಿನ ಅವಳ ಜೊತೆ ಆ ಶಾಲೆಗೆ ಹೋದೆ. ಈಗಿನ ಮುಖ್ಯೋಪಾಧ್ಯಾಯಿನಿ ಬೀರುವಿನಿಂದ ಹಳೆಯ ದಾಖಲಾತಿ ಪುಸ್ತಕ ತೆಗೆದುಕೊಟ್ಟರು. ಗೆದ್ದಲು ಅಂಚು ತಿಂದಿತ್ತು, ಅಪ್ಪನ ದುಂಡನೆಯ ಅಕ್ಷರ ಹಾಗೇ ಇತ್ತು. ಅವಳ ಹೆಸರಿದ್ದ ಪುಟದಲ್ಲಿ ಹದಿನಾಲ್ಕು ಮಕ್ಕಳು. ಹದಿನಾಲ್ಕೂ ಮಕ್ಕಳು ಹುಟ್ಟಿದ್ದು ಶಾಲೆ ತೆರೆಯುವ ತಾರೀಖಿನಂದೇ, ವರ್ಷ ಮಾತ್ರ ಹೆಚ್ಚು ಕಡಿಮೆ. ಅದಕ್ಕೂ ಎರಡು ವರ್ಷ ಹಿಂದಿನ ಪುಟದಲ್ಲಿ ನನ್ನ ಹೆಸರಿತ್ತು. ಅಲ್ಲಿಯೂ ಉಳಿದವರೆಲ್ಲರಿಗೂ ಅದೇ ತಾರೀಖು, ನನಗೊಬ್ಬಳಿಗೆ ಬೇರೆ. ಅಮ್ಮ ಹೆತ್ತ ದಿನ, ಸರಿಯಾದ ತಿಂಗಳು, ಸರಿಯಾದ ವರ್ಷ. ಅದಕ್ಕೇ ನಾನು ಸರಿಯಾದ ವಯಸ್ಸಿಗೆ ನಿವೃತ್ತಳಾಗಿ ಮನೆಯಲ್ಲಿದ್ದೇನೆ.

ಆಕೆ ಪುಟದ ಮೇಲೆ ಬೆರಳಾಡಿಸಿ, ‘ಎಲ್ರೂ ಒಂದೇ ದಿನ ಹುಟ್ಟವ್ರೆ ನೋಡಿ. ಆಸ್ಪತ್ರೇಲಿ ಜಾಗ ಸಾಲ್ತಿತ್ತೇನಕ್ಕ?’ ಎಂದಳು. ಮುಖ್ಯೋಪಾಧ್ಯಾಯಿನಿ ನಕ್ಕರು. ನಾನೂ ನಗಬೇಕಾಯಿತು.

ಅವತ್ತಿನಿಂದ ಒಂದು ವಾರಕ್ಕೆ ಕುಣಿಗಲ್ಲಿಗೆ ಹೋದೆವು. ತಾಲ್ಲೂಕು ಕಚೇರಿಯ ಎದುರಿನ ಸಾಲು ಅಂಗಡಿಗಳಲ್ಲಿ ಅಫಿಡವಿಟ್ ಟೈಪು ಮಾಡುವ ಒಬ್ಬ. ಐವತ್ತರ ಆಸುಪಾಸು. ಬಾಯಲ್ಲಿ ಎಲೆಅಡಿಕೆ ಇಟ್ಟುಕೊಂಡೇ ನಮ್ಮ ಕತೆ ಕೇಳಿದ. ಚಕಚಕನೆ ಟೈಪು ಮಾಡುತ್ತಾ ಬಾಯಲ್ಲೂ ಹೇಳಿಕೊಳ್ಳುತ್ತಿದ್ದ. ‘ಸದರಿಯವರನ್ನು ನನ್ನ ತಂದೆಯವರು ನಾಲ್ಕನೇ ವಯಸ್ಸಿನಲ್ಲಿಯೇ ಶಾಲೆಗೆ ದಾಖಲಿಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸರೀನಾ ಮೇಡಂ?’

‘ಕಂಡ ನೆನಪಿದೆ ಎಂದು ಹಾಕಿ’ ಎಂದೆ.

ಅವನ ಕೈ ನಿಂತಿತು. ‘ನೆನಪು ಗಿನಪು ಇಲ್ಲಿ ನಡೆಯಲ್ಲ ಮೇಡಂ. ಕಂಡಿದೀರೋ ಇಲ್ವೋ?’

‘ಐವತ್ತು ವರ್ಷದ ಮೇಲಾಯಿತು. ಖಚಿತವಾಗಿ ಹೇಳೋದು ಹೇಗೆ? ನನ್ನ ತಂದೆಯವರು ಮನೆಯಲ್ಲಿ ಹೀಗೆ ಹೇಳುತ್ತಿದ್ದರು ಎಂದು ಹಾಕಿ.’

‘ಸತ್ತೋರು ಹೇಳ್ತಿದ್ರು ಅಂತ ಹಾಕಿದ್ರೆ ಯಾರ್ ಮೇಡಂ ಕೇಳ್ತಾರೆ?’ ಅವನು ಆಕೆಯ ಕಡೆ ತಿರುಗಿದ. ‘ಏನಮ್ಮಾ, ಸಾಕ್ಷಿ ಕರ್ಕೊಂಡ್ ಬಂದಿದೀಯೋ, ಜಡ್ಜಮ್ಮನ್ನ ಕರ್ಕೊಂಡ್ ಬಂದಿದೀಯೋ?’

ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಬೇಡಿಕೊಳ್ಳುತ್ತಿರಲಿಲ್ಲ. ಮಗುವೊಂದು ಬಾಯಿಬಿಡುತ್ತದೋ ಇಲ್ಲವೋ ಎಂದು ತುತ್ತು ಹಿಡಿದು ಕಾಯುವವರ ಹಾಗೆ ಸುಮ್ಮನೆ ಕಾಯುತ್ತಿದ್ದಳು. ಸುಳ್ಳು ಪ್ರಮಾಣ ಮಾಡಲಾರೆ ಎಂದು ನಾನು ಒಳಗೊಳಗೇ ಬಿಗಿಯಾದೆ. ಅದರಲ್ಲಿ ಒಂದು ಹೆಮ್ಮೆಯೂ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ.

‘ಬುಡಿ ಅಕ್ಕ. ನಿಮ್ಗೆ ಹೆಂಗ್ ಬೇಕೋ ಹಂಗೇ ಹಾಕ್ಸಿ’ ಎಂದಳು.

‘ನನಗೆ ತಿಳಿದ ಮಟ್ಟಿಗೆ’, ‘ಕೇಳಿ ತಿಳಿದಂತೆ’ ಎಂದೆಲ್ಲ ಸೇರಿಸಿ ಬರೆಸಿದ ಆ ಕಾಗದವನ್ನು ಅಂಗನವಾಡಿ ಆಫೀಸಿನವರು ಓದಿ, ಇದರಿಂದ ಪ್ರಯೋಜನವಿಲ್ಲ ಎಂದು ಹಿಂದಕ್ಕೆ ಕೊಟ್ಟರು. ಹೊಸ ಸಹಾಯಕಿಯನ್ನು ತೆಗೆದುಕೊಳ್ಳುವ ಕೆಲಸ ಶುರುವಾಗಿತ್ತು. ಕಂಡಿದ್ದೇನೆ ಎಂದು ಬರೆಸಿದ್ದರೂ ಕೊಡುತ್ತಿದ್ದರೆಂದು ಹೇಳಲಾರೆ. ಪ್ರಶ್ನೆ ಅದಲ್ಲ.

ಆ ದಿನಗಳಲ್ಲಿ ಅಪ್ಪನನ್ನು ಬೇರೆ ಥರ ಯೋಚಿಸತೊಡಗಿದೆ. ಅವರಿಗೆ ನಾಲ್ಕು ಮತ್ತು ಆರರ ವ್ಯತ್ಯಾಸ ಗೊತ್ತಿರಲಿಲ್ಲವೆ? ತಮ್ಮ ಮಗಳ ವಿಷಯದಲ್ಲಿ ದಿನ ತಪ್ಪದೆ ಬರೆದವರಿಗೆ? ಗೊತ್ತಿತ್ತು. ಆದರೆ ಎದುರಿಗೆ ಹಸಿದ ಮಗು ಇದ್ದಾಗ ಅವರ ಕೈ ತಡೆಯಲಿಲ್ಲ. ಐವತ್ತನಾಲ್ಕು ವರ್ಷದ ಆಚೆಗೆ ಅದರಿಂದ ಏನಾದೀತು ಎಂದು ಯೋಚಿಸಲಿಲ್ಲ. ಅವರ ಔದಾರ್ಯದ ಖರ್ಚನ್ನು ಯಾವಾಗಲೂ ಬೇರೆಯವರೇ ತೆತ್ತರು. ಅಮ್ಮ ತನ್ನ ಮುದ್ದೆಯಲ್ಲಿ, ಈಕೆ ತನ್ನ ಎರಡು ವರ್ಷದಲ್ಲಿ. ಹೀಗೆ ಬರೆದ ಮರುಕ್ಷಣ ಅನ್ಯಾಯವೆನಿಸುತ್ತದೆ. ಕಂಬಕ್ಕೆ ಕಟ್ಟಿದ ಮಗುವನ್ನು ದಾಟಿಕೊಂಡು ಹೋಗಿದ್ದ ಎಷ್ಟೋ ಜನರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ನಾನು ಅಪ್ಪನ ಜಾಗದಲ್ಲಿದ್ದಿದ್ದರೆ ನಿಯಮ ಹೇಳಿ ಮುಂದಿನ ವರ್ಷ ಬಾ ಎನ್ನುತ್ತಿದ್ದೆ. ಮುಂದಿನ ವಾರ ಬನ್ನಿ ಎಂದಿರಲಿಲ್ಲವೆ?

ಆಕೆಯ ಕೆಲಸ ಮುಗಿದು ಎರಡು ವಾರವಾದ ಮೇಲೆ ನಾನೊಬ್ಬಳೇ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದೆ. ಟೈಪಿನವನು ಗುರುತು ಹಿಡಿದ. ‘ಏನ್ ಮೇಡಂ, ನೆನಪಾಯ್ತಾ?’ ಎಂದ. ‘ಕಂಡಿದ್ದೇನೆ ಅಂತ ಹಾಕಿ’ ಎಂದೆ. ಏನೂ ಕೇಳದೆ ಟೈಪು ಮಾಡಿಕೊಟ್ಟ. ಸಹಿ ಹಾಕಿದೆ. ಕಾಗದ ಹಿಡಿದು ಆಫೀಸಿಗೆ ಹೋದರೆ, ಅಮೃತೂರಿಗೆ ಹೊಸಬರು ಬಂದಾಯಿತು, ಫೈಲು ಮುಗಿಯಿತು ಎಂದರು. ಪರವಾಗಿಲ್ಲ, ಇಟ್ಟುಕೊಳ್ಳಿ ಎಂದೆ. ಇಟ್ಟುಕೊಳ್ಳಲಿಲ್ಲ.

ಬೇರೆ ಏನು ಮಾಡುವುದೆಂದು ತಿಳಿಯದೆ ಮಾರನೆಯ ದಿನ ಹಿರೇಹಳ್ಳಿಗೆ ಹೋದೆ. ಕಾರ್ಖಾನೆಗಳ ಹಿಂದಿನ ಗಲ್ಲಿಯಲ್ಲಿ ಸಾಲು ಕೋಣೆಗಳು, ಮೇಲೆ ಶೀಟು. ಮಗ ಶಿಫ್ಟಿಗೆ ಹೋಗಿದ್ದ, ಸೊಸೆಯೂ ಮಕ್ಕಳೂ ಇರಲಿಲ್ಲ. ಆಕೆ ಬಾಗಿಲ ಬಳಿ ಸುಮ್ಮನೆ ಕೂತಿದ್ದಳು. ನನ್ನನ್ನು ಕಂಡು ಎದ್ದು, ‘ಬನ್ನಿ ಅಕ್ಕ, ಜಾಗ ಮಾಡ್ತೀನಿ’ ಎಂದು ಮಡಚಿಟ್ಟಿದ್ದ ಹಾಸಿಗೆ ಪಕ್ಕಕ್ಕೆ ಸರಿಸಿದಳು. ಟೀ ಕಾಸಲು ಹೋಗಿ ಸಕ್ಕರೆ ಡಬ್ಬ ಎಲ್ಲಿದೆಯೆಂದು ಎರಡು ಕಡೆ ಹುಡುಕಿದಳು. ‘ಅವ್ಳು ಎಲ್ಲಿಕ್ತಾಳೋ ಗೊತ್ತಾಗಕಿಲ್ಲ’ ಎಂದಳು.

ಕಾಗದ ಕೊಟ್ಟೆ. ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಓದಿದಳು. ಅಪ್ಪ ಕಲಿಸಿದ ಓದು. ಕೊನೆಯ ಸಾಲಿಗೆ ಬಂದು ಮತ್ತೊಮ್ಮೆ ಮೊದಲಿನಿಂದ ಓದಿದಳು.

‘ನಿಜಕ್ಕೂ ಕಂಡಿದ್ರಾ ಅಕ್ಕ?’

ಇಲ್ಲ ಎಂದರೆ ಆ ಕಾಗದಕ್ಕೆ ಅರ್ಥವೇ ಇರಲಿಲ್ಲ. ‘ಹೂಂ’ ಎಂದೆ.

ಆಕೆ ಕಾಗದವನ್ನು ಮಡಚಿ ನನ್ನ ಪಕ್ಕದಲ್ಲಿಟ್ಟಳು. ದನಿಯಲ್ಲಿ ಸಿಟ್ಟೇನೂ ಇರಲಿಲ್ಲ.

‘ಹಂಗಾದ್ರೆ ಅವತ್ಯಾಕೆ ಹೇಳ್ಲಿಲ್ಲ?’

ಟೀ ಉಕ್ಕಿತು. ಅವಳು ಎದ್ದು ಹೋಗಿ ಒಲೆ ಆರಿಸಿದಳು. ನಾನು ಕಾಗದ ಎತ್ತಿ ಚೀಲಕ್ಕೆ ಹಾಕಿಕೊಂಡೆ, ಅವಳು ಟೀ ಸೋಸಿ ಒಂದು ಲೋಟ ನನ್ನ ಮುಂದಿಟ್ಟಳು.